ಎದುರು ಮನೆ ಹುಡುಗನನ್ನು ರಾತ್ರಿ ಮೆಟ್ಟಿಲ ಮೇಲೆ ಕೂರಿಸುತ್ತಾರೆ. ಇದು ಶಿಸ್ತಾ, ಕೇಸಾ?

ಮೂರನೇ ಮಹಡಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ. ನಾವಿರೋದು ಬೆಂಗಳೂರಲ್ಲಿ, ಮೂರು ಮಹಡಿಯ ಬಾಡಿಗೆ ಬಿಲ್ಡಿಂಗು, ಮಹಡಿಗೆ ಎರಡು ಮನೆ. ಎದುರು ಮನೆಯಲ್ಲಿ ಗಂಡ, ಹೆಂಡತಿ, ಒಬ್ಬ ಮಗ. ಹುಡುಗನಿಗೆ ಎಂಟು ವರ್ಷ ಇರಬಹುದು, ಮೂರನೇ ಕ್ಲಾಸು. ಅಪ್ಪ ಅಮ್ಮ ಇಬ್ಬರೂ ಓದಿದವರು, ಕೆಲಸಕ್ಕೆ ಹೋಗುತ್ತಾರೆ, ಕುಡಿತ ಗಿಡಿತ ಏನೂ ಇಲ್ಲ. ನಮ್ಮ ಜೊತೆ ಚೆನ್ನಾಗೇ ಇದ್ದಾರೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಅವರ ಮನೆಯಿಂದಲೇ ಮೊದಲು ಬರೋದು.

ಮಾರ್ಕ್ಸ್ ಕಮ್ಮಿ ಬಂತು, ಹೋಂವರ್ಕ್ ಮುಗಿಸಲಿಲ್ಲ, ಸುಳ್ಳು ಹೇಳಿದ, ಹೀಗೆ ಏನಾದರೂ ಆದರೆ ಅವನನ್ನು ಬಾಗಿಲಾಚೆ ಹಾಕಿ ಒಳಗಿಂದ ಬೋಲ್ಟ್ ಹಾಕುತ್ತಾರೆ. ಹೋದ ವರ್ಷ ಹತ್ತು ನಿಮಿಷ ಇರುತ್ತಿತ್ತು. ಈಗ ಏಳೂವರೆಗೆ ಹೊರಗೆ ಹಾಕಿದರೆ ಬಾಗಿಲು ತೆಗೆಯೋದು ಹತ್ತೂವರೆಗೆ, ಒಂದೊಂದು ಸಲ ಹನ್ನೊಂದಕ್ಕೆ. ಅವತ್ತು ಊಟ ಇಲ್ಲ. ವಾರಕ್ಕೆ ಮೂರು ಸಲ ಆದರೂ ಆಗುತ್ತೆ. ಮೊದಲು ಬಾಗಿಲು ತಟ್ಟಿ ಅಳುತ್ತಿದ್ದ, ಈಗ ಅಳುವುದೂ ಇಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲರ ಮನೆ ಚಪ್ಪಲಿಗಳನ್ನು ಜೋಡಿ ಮಾಡಿ ಸಾಲಾಗಿ ಇಡುತ್ತಾನೆ, ದೊಡ್ಡದು ಮೊದಲು, ಚಿಕ್ಕದು ಕೊನೆಗೆ. ಬೆಳಿಗ್ಗೆ ಹಾಲು ತಗೊಳ್ಳೋಕೆ ಬಾಗಿಲು ತೆಗೆದಾಗ ಚಪ್ಪಲಿ ಸಾಲಾಗಿದ್ದರೆ, ರಾತ್ರಿ ಹುಡುಗ ಹೊರಗಿದ್ದ ಅಂತ ಲೆಕ್ಕ.

ಮೊನ್ನೆ ನಮ್ಮಮ್ಮ ತಡೆಯಲಾರದೆ ತಟ್ಟೆಗೆ ಎರಡು ಚಪಾತಿ ಪಲ್ಯ ಹಾಕಿ ಕೊಟ್ಟರು. ಗೋಡೆ ಕಡೆ ತಿರುಗಿ ಗಬಗಬ ತಿಂದ. ತಟ್ಟೆ ವಾಪಸ್ ಕೊಡುವಾಗ, "ಅಜ್ಜಿ, ಅಮ್ಮಂಗೆ ಹೇಳ್ಬೇಡಿ, ನಾಳೆದೂ ಕಟ್ ಆಗುತ್ತೆ" ಅಂದನಂತೆ. ಅವತ್ತು ನಮ್ಮಮ್ಮ ಊಟಕ್ಕೆ ಏಳಲಿಲ್ಲ.

ಮೈಮೇಲೆ ಹೊಡೆದ ಗುರುತು ನಾನು ಕಂಡಿಲ್ಲ. ನಮ್ಮಪ್ಪನೂ ನನ್ನನ್ನು ಒಂದು ಸಲ ಹೊರಗೆ ನಿಲ್ಲಿಸಿದ್ದರು, ಅದಕ್ಕೇ ಗೊಂದಲ. ಅವರ ಮನೆ ವಿಷಯ ಅಂತ ಸುಮ್ನಿರಬೇಕಾ, ಯಾರಿಗಾದರೂ ಹೇಳಬೇಕಾ? ಹೇಳಿದರೆ ಏನಾಗುತ್ತೆ?

ಹಾಸನದ ಹೈದ
ಗುರು, ಸುಮ್ನೆ ನಿಮ್ಮ ಪಾಡಿಗೆ ನೀವಿರಿ. ನಮ್ಮಪ್ಪ ನಂಗೆ ಬಾರುಕೋಲಲ್ಲಿ ಬಾರಿಸಿದ್ದಾರೆ, ತೊಡೆ ಮೇಲೆ ಬಾಸುಂಡೆ ಎದ್ದಿದ್ದವು, ಕಂಬಕ್ಕೆ ಕಟ್ಟಿಹಾಕಿದ್ದರು. ಇವತ್ತು ನಾನು ಚೆನ್ನಾಗಿಲ್ವಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಈಗಿನ ಮಕ್ಕಳಿಗೆ ಒಂದು ಏಟು ಬಿದ್ದರೆ ಕೌನ್ಸೆಲಿಂಗು, ಅದು ಇದು. ಮೊಬೈಲ್ ಕಿತ್ತುಕೊಂಡರೂ ಕೇಸ್ ಹಾಕಿ ಅನ್ನುತ್ತೀರ ನಾಳೆ.

ಎರಡು ಮಕ್ಕಳ ತಾಯಿ
ಅಣ್ಣ, ನೀವು ಚೆನ್ನಾಗಿದ್ದೀರ, ಸಂತೋಷ. ಅದು ಏಟಿನಿಂದಲಾ, ಏಟು ಬಿದ್ದರೂನಾ, ಅದನ್ನು ನೀವೇ ಹೇಳಬೇಕು.

ಹೆಸರು ಬೇಡ
ಚಿಕ್ಕವನಿದ್ದಾಗಿನ ಏಟು ನನಗೆ ಒಂದೂ ಸರಿಯಾಗಿ ನೆನಪಿಲ್ಲ. ನೆನಪಿರೋದು ಅಪ್ಪನ ಲೂನಾ ಸದ್ದು. ಬೀದಿ ತಿರುವಿನಲ್ಲಿ ಅದು ಕೇಳಿಸಿದ ಕೂಡಲೇ ನಾನೂ ಅಕ್ಕನೂ ಟಿವಿ ಆರಿಸಿ, ಟಿವಿ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದೆವು, ಅಪ್ಪ ಮುಟ್ಟಿ ನೋಡಿದರೆ ಬಿಸಿ ಇರಬಾರದು ಅಂತ. ನನಗೀಗ ನಲವತ್ತೆರಡು. ಅಂಥ ಗಾಡಿ ಸದ್ದು ಎಲ್ಲಾದರೂ ಕೇಳಿಸಿದರೆ ಈಗಲೂ ಹೊಟ್ಟೆ ಹಿಂಡುತ್ತೆ. ಇಷ್ಟೇ ಹೇಳೋದಿತ್ತು.

ಕರಿಕೋಟು
ನಾನು ವಕೀಲ, ಮಕ್ಕಳ ಕೇಸುಗಳನ್ನು ನೋಡಿದ್ದೇನೆ. ಭಾವನೆ ಪಕ್ಕಕ್ಕಿಟ್ಟು ಕಾನೂನು ಎಷ್ಟಿದೆಯೋ ಅಷ್ಟು ಹೇಳುತ್ತೇನೆ.

ಒಂದು ಸತ್ಯ ಮೊದಲು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮನೆಯಲ್ಲಿ ಅಪ್ಪ ಅಮ್ಮ ಹೊಡೆಯಬಾರದು ಅಂತ ನೇರವಾಗಿ ಹೇಳುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ನೇಪಾಳ 2018ರಲ್ಲೇ ತಂದಿತು, ನಾವು ತಂದಿಲ್ಲ. ತದ್ವಿರುದ್ಧವಾಗಿ, ಹಳೆ ಐಪಿಸಿಯಲ್ಲಿ 89ನೇ ಸೆಕ್ಷನ್ ಅಂತ ಒಂದಿತ್ತು, ಈಗ ಅದು ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 27. ಹನ್ನೆರಡು ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆ, ಒಳ್ಳೆ ಮನಸ್ಸಿನಿಂದ ಪೋಷಕರು ಮಾಡಿದ ಕೆಲಸ ಅಪರಾಧವಲ್ಲ ಅನ್ನುತ್ತೆ. ಇಂಜೆಕ್ಷನ್ ಚುಚ್ಚಿಸುವುದರಿಂದ ಹಿಡಿದು ಕಿವಿ ಹಿಂಡುವ ತನಕ ಎಲ್ಲವನ್ನೂ ಅದರ ಅಡಿ ತೂರಿಸುವವರಿದ್ದಾರೆ. ಆದರೆ ಅದಕ್ಕೆ ಮಿತಿ ಇದೆ, ದೊಡ್ಡ ಗಾಯಕ್ಕೆ ಈ ರಕ್ಷಣೆ ಇಲ್ಲ.

ಇನ್ನೊಂದು ಕಡೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಮಗು ಯಾರ ಸುಪರ್ದಿಯಲ್ಲಿದೆಯೋ ಅವರು ಅದಕ್ಕೆ ಹೊಡೆದರೆ, ಹಿಂಸೆ ಕೊಟ್ಟರೆ, ಬಿಟ್ಟುಹೋದರೆ, ಬೇಕೆಂದೇ ನಿರ್ಲಕ್ಷ್ಯ ಮಾಡಿದರೆ, ಅದರಿಂದ ಮಗುವಿಗೆ ಅನಗತ್ಯವಾಗಿ ಮೈಗೋ ಮನಸ್ಸಿಗೋ ನೋವಾಗುವಂತಿದ್ದರೆ, ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ದಂಡ ಅಥವಾ ಎರಡೂ. ಅಪ್ಪ ಅಮ್ಮನಿಗೆ ರಿಯಾಯಿತಿ ಇಲ್ಲ. ನಮ್ಮವರು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ ಇದು, 1933ರ ಇಂಗ್ಲೆಂಡಿನ ಮಕ್ಕಳ ಕಾಯ್ದೆಯಲ್ಲಿ ಹೆಚ್ಚುಕಡಿಮೆ ಇದೇ ಮಾತಿದೆ.

ಈ ಸೆಕ್ಷನ್ನಿನಲ್ಲಿ ನೋಡಬೇಕಾದ್ದು ಎರಡೇ ಪದ. 'ಬೇಕೆಂದೇ', ಮತ್ತೆ 'ಅನಗತ್ಯ'. ಮನೆಯಲ್ಲಿ ಅಕ್ಕಿ ಇಲ್ಲದೆ ಮಗು ಹಸಿದು ಮಲಗಿದರೆ ಅದು ಬೇಕೆಂದೇ ಮಾಡಿದ್ದಲ್ಲ. ಒಲೆ ಮೇಲೆ ಅನ್ನ ಇದ್ದೂ ಪಾಠ ಕಲಿಸೋಕೆ ಅಂತ ಹಸಿವಿಡುವುದು ಬೇರೆ. ಗಾಯ ಆಗಲೇಬೇಕು ಅಂತಲೂ ಅದರಲ್ಲಿ ಇಲ್ಲ.

ಮೂರನೇ ಮಹಡಿ
ಸರ್, ಹಾಗಾದರೆ ಹೊರಗೆ ಹಾಕಿ ಬೋಲ್ಟ್ ಹಾಕೋದು ತೊರೆದಂತೆ ಆಗುತ್ತಾ?

ಕರಿಕೋಟು
ಆಗಲ್ಲ. ನ್ಯಾಯ ಸಂಹಿತೆಯ 93ರಲ್ಲಿ ಹನ್ನೆರಡು ವರ್ಷದೊಳಗಿನ ಮಗುವನ್ನು ತೊರೆದರೆ ಏಳು ವರ್ಷದವರೆಗೆ ಶಿಕ್ಷೆ ಇದೆ, ಆದರೆ ಅದು ಪೂರ್ತಿ ಬಿಟ್ಟುಬಿಡುವ ಉದ್ದೇಶ ಇದ್ದರೆ ಮಾತ್ರ. ತೊಟ್ಟಿಯಲ್ಲಿ, ಬಸ್‌ಸ್ಟ್ಯಾಂಡಲ್ಲಿ ಬಿಟ್ಟುಹೋಗುತ್ತಾರಲ್ಲ, ಅಂಥದ್ದಕ್ಕೆ. ನಿಮ್ಮ ಎದುರು ಮನೆಯವರು ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆಯುತ್ತಾರೆ. ಹಾಗಾಗಿ ಕೇಳಿದರೆ 75ರ ಕಡೆಯಿಂದಲೇ ಕೇಳಬೇಕು: ಎಷ್ಟು ಹೊತ್ತು, ಎಷ್ಟು ಸಲ, ಊಟ ಕೊಟ್ಟರಾ, ಹೊರಗೆ ಅವನಿಗೆ ಏನಾದರೂ ಆದರೆ ಯಾರಿಗೆ ಗೊತ್ತಾಗುತ್ತೆ. ಒಂದು ಸಲ ಹೊರಗೆ ನಿಲ್ಲಿಸಿದ ನಿಮ್ಮ ತಂದೆಯನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಎರಡು ಮಕ್ಕಳ ತಾಯಿ
ನಾನೂ ಒಂದು ಒಪ್ಪಿಕೊಳ್ಳುತ್ತೇನೆ, ಬೈಯಬೇಡಿ. ಹೋದ ತಿಂಗಳು ದೊಡ್ಡವಳು ಚಿಕ್ಕವನ ಕೈ ಕಚ್ಚಿ ರಕ್ತ ಬರಿಸಿದಾಗ ಅವಳನ್ನು ಬಾತ್‌ರೂಮಿನಲ್ಲಿ ಕೂಡಿಹಾಕಿದೆ. ಎರಡು ನಿಮಿಷ, ಜಾಸ್ತಿ ಅಂದರೆ ಮೂರು. ಅವಳು ಒಳಗೆ ಕಿರುಚುತ್ತಿದ್ದಳು, ನಾನು ಹೊರಗೆ ಬಾಗಿಲಿಗೆ ಒರಗಿ ಅಳುತ್ತಿದ್ದೆ. ಗಂಡ ಶಿಫ್ಟಲ್ಲಿ, ಅತ್ತೆ ಊರಲ್ಲಿ. ಈಗ ಇದನ್ನೆಲ್ಲ ಓದಿ ಭಯ ಆಗುತ್ತಿದೆ. ನಾನೂ ಕ್ರಿಮಿನಲ್ಲಾ?

ಕರಿಕೋಟು
ಅಲ್ಲಮ್ಮ. ಸೋತುಹೋದ ತಾಯಿಗೂ ರೂಢಿ ಮಾಡಿಕೊಂಡವರಿಗೂ ವ್ಯತ್ಯಾಸ ಇದೆ. ಬಾತ್‌ರೂಮ್ ಮಾತ್ರ ಬೇಡ, ಬಕೆಟ್ಟು, ಗೀಸರು ಎಲ್ಲ ಇರುತ್ತೆ. ಮುಂದಿನ ಸಲ ನೀವೇ ಬಾಲ್ಕನಿಗೆ ಹೋಗಿ ನಿಂತುಬಿಡಿ.

ಬರ್ಗನ್ ಕನ್ನಡಿಗ
ನಾನು ನಾರ್ವೆಯಲ್ಲಿರೋದು, ಆರು ವರ್ಷ ಆಯ್ತು. ಇಲ್ಲಿ 1987ರಿಂದ ಮಕ್ಕಳಿಗೆ ಹೊಡೆಯೋದು ಕಾನೂನುಬಾಹಿರ. ಪಕ್ಕದ ಸ್ವೀಡನ್ನಲ್ಲಿ 1979ರಲ್ಲೇ ಬಂತು, ಜಗತ್ತಿಗೇ ಮೊದಲು. ತಮಾಷೆ ಏನಂದ್ರೆ, ನನ್ನ ಮಗಳು ಮೂರು ವರ್ಷದವಳಿದ್ದಾಗ ಶಿಶುವಿಹಾರದಲ್ಲಿ ಟೀಚರಿಗೆ "ಊಟ ಮಾಡದಿದ್ದರೆ ನಮ್ಮನೆಗೆ ರಾತ್ರಿ ಗುಮ್ಮ ಬರುತ್ತಾನೆ" ಅಂದಿದ್ದಾಳೆ. ಯಾರೋ ಗಂಡಸು ರಾತ್ರಿ ಮನೆಗೆ ಬಂದು ಮಗುವನ್ನು ಹೆದರಿಸುತ್ತಾನೆ ಅಂತ ಅವರು ತಿಳಿದುಕೊಂಡರು. ನಮ್ಮಿಬ್ಬರನ್ನೂ ಕರೆಸಿ, ಕಾಫಿ ಕೊಟ್ಟು, ಬಹಳ ನಯವಾಗಿ "ಈ ಗುಮ್ಮ ಯಾರು, ನಿಮ್ಮ ಸಂಬಂಧಿಕರಾ?" ಅಂತ ಕೇಳಿದರು. ಗುಮ್ಮನಿಗೆ ಗುರುತಿನ ಚೀಟಿ ಇಲ್ಲ ಅಂತ ವಿವರಿಸೋಕೆ ಮುಕ್ಕಾಲು ಗಂಟೆ ಹಿಡಿಯಿತು. ಹೊರಗೆ ಬಂದು ನಕ್ಕೆವು, ಆದರೆ ಒಳಗೆ ಕೂತಿದ್ದಾಗ ಹೆಂಡತಿ ಕೈ ನಡುಗುತ್ತಿತ್ತು.

ಯಾಕಂದ್ರೆ ನಾರ್ವೆಯ ಸ್ಟವಾಂಗರ್ ಊರಿನ ಕಥೆ ಇಲ್ಲಿನ ಭಾರತೀಯರಿಗೆಲ್ಲ ಗೊತ್ತು. 2011ರಲ್ಲಿ ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಇಲ್ಲಿನ ಮಕ್ಕಳ ರಕ್ಷಣಾ ಇಲಾಖೆ, ಅದನ್ನು ಬಾರ್ನೆವರ್ನೆ ಅನ್ನುತ್ತಾರೆ, ಎತ್ತಿಕೊಂಡು ಹೋಯಿತು. ಕೈಯಲ್ಲಿ ತಿನ್ನಿಸಿದ್ದಕ್ಕೆ, ಜೊತೆಗೆ ಮಲಗಿಸಿಕೊಂಡಿದ್ದಕ್ಕೆ ಅಂತ ತಂದೆತಾಯಿ ಹೇಳಿದರು. ಇಲಾಖೆ ಗೌಪ್ಯತೆ ನಿಯಮ ಅಂತ ತನ್ನ ಕಡೆಯ ಕಾರಣ ಪೂರ್ತಿ ಬಿಚ್ಚಿಡಲೇ ಇಲ್ಲ. ದೆಹಲಿ ಮಟ್ಟದಲ್ಲಿ ಗಲಾಟೆ ಆಗಿ 2012ರಲ್ಲಿ ಮಕ್ಕಳು ಚಿಕ್ಕಪ್ಪನ ಜೊತೆ ಭಾರತಕ್ಕೆ ಬಂದರು, ಮುಂದಿನ ವರ್ಷ ಕಲ್ಕತ್ತಾ ಹೈಕೋರ್ಟ್ ತಾಯಿಗೆ ಕೊಟ್ಟಿತು.

ಹಾಸನದ ಹೈದ
ನೋಡಿದ್ರಾ! ಇದಕ್ಕೇ ಹೇಳಿದ್ದು. ಕೈಯಲ್ಲಿ ಅನ್ನ ಕಲಸಿ ತಿನ್ನಿಸಿದರೂ ಮಗು ಎತ್ತಿಕೊಂಡು ಹೋಗುತ್ತಾರೆ. ನಮ್ಮಲ್ಲೂ ಇದೇ ಬರಬೇಕಾ?

ಬರ್ಗನ್ ಕನ್ನಡಿಗ
ಪೂರ್ತಿ ಕೇಳಿ ಅಣ್ಣ. 2012ರ ಡಿಸೆಂಬರಿನಲ್ಲೇ ಓಸ್ಲೋದಲ್ಲಿ ಇನ್ನೊಂದು ಕೇಸ್ ತೀರ್ಪಾಯಿತು. ಅವರೂ ನಮ್ಮವರೇ, ತೆಲುಗಿನವರು. ಏಳು ವರ್ಷದ ಮಗನಿಗೆ ಹಿಂಸೆ ಕೊಟ್ಟರು ಅಂತ ಅಪ್ಪನಿಗೆ 18 ತಿಂಗಳು, ಅಮ್ಮನಿಗೆ 15 ತಿಂಗಳು ಜೈಲು. ಅವತ್ತು ಇಲ್ಲಿನ ಭಾರತೀಯರು ಇದನ್ನೂ ಸ್ಟವಾಂಗರ್ ಥರವೇ ಅಂದುಕೊಂಡು ಕೂಗಾಡಿದರು. ಹುಡುಗನಿಗೆ ಬೆಲ್ಟಿನ ಏಟು, ಸುಟ್ಟ ಗಾಯದ ಆರೋಪ ಇದ್ದದ್ದು ಓದಿದ ಮೇಲೆ ನನ್ನ ಬಾಯಿ ಕಟ್ಟಿತು. ಎರಡೂ ಕೇಸ್‌ಗಳನ್ನು "ವಿದೇಶದವರಿಗೆ ನಮ್ಮ ಸಂಸ್ಕೃತಿ ಗೊತ್ತಿಲ್ಲ" ಅನ್ನೋ ಒಂದೇ ಚೀಲಕ್ಕೆ ತುಂಬಿದವರು ನಾವು. ಇಲಾಖೆಯದ್ದೂ ತಪ್ಪಿಲ್ಲ ಅಂತಲ್ಲ, 2019ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೇ ಒಂದು ಕೇಸಿನಲ್ಲಿ ನಾರ್ವೆಗೆ ಚೆನ್ನಾಗಿ ಬೈದಿದೆ, ತಾಯಿ ಮಗುವಿನ ಸಂಬಂಧ ಕಡಿದುಹಾಕುವ ಅವಸರ ಮಾಡಿದ್ದಕ್ಕೆ.

ಚುರುಮುರಿ
ಗುಮ್ಮನ ಆಧಾರ್ ಕಾರ್ಡ್ ಕೇಳಲಿಲ್ಲವಲ್ಲ, ಪುಣ್ಯ.

ಅಂಗನವಾಡಿ ಟೀಚರ್
ನಾನು ರಾಯಚೂರು ಕಡೆಯವಳು, ಅಂಗನವಾಡಿಯಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ನೀವೆಲ್ಲ ಮೂರನೇ ಮಹಡಿ, ನಾರ್ವೆ ಅಂತ ಮಾತಾಡುತ್ತಿದ್ದೀರಿ, ನಾನು ನೆಲದ ಮಾತು ಹೇಳುತ್ತೇನೆ.

ನಮ್ಮ ಹತ್ತಿರ ಒಂದು ಪಟ್ಟಿ ಇರುತ್ತೆ, ಮಗುವಿನ ತೋಳಿಗೆ ಸುತ್ತಿ ಅಳೆಯೋದು. ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಮ್ಮಿ ಬಂದರೆ ಕೆಂಪು. ಕೆಂಪು ಬಂದ ಮಗುವನ್ನು ಜಿಲ್ಲಾಸ್ಪತ್ರೆಯ ಪುನಶ್ಚೇತನ ಕೇಂದ್ರಕ್ಕೆ ಹದಿನಾಲ್ಕು ದಿನ ಸೇರಿಸಬೇಕು, ತಾಯಿಯೂ ಜೊತೆಗಿರಬೇಕು. ಹೋದ ವರ್ಷ ಒಬ್ಬಳು ಬರಲ್ಲ ಅಂದಳು. ಮೂರು ಸಲ ಹೋದೆ, ಮೂರು ಸಲವೂ ಇಲ್ಲ ಅಂದಳು. ನನಗೂ ಸಿಟ್ಟು ಬಂತು, "ಎಂಥ ತಾಯಿ ನೀನು" ಅಂದುಬಿಟ್ಟೆ. ಅವಳು ಏನೂ ಹೇಳದೆ ಒಳಗೆ ಕರೆದು ತೋರಿಸಿದಳು. ಇನ್ನೆರಡು ಮಕ್ಕಳು, ಕಣ್ಣು ಕಾಣದ ಅತ್ತೆ, ಗಂಡ ಗುಳೆ ಹೋಗಿ ನಾಲ್ಕು ತಿಂಗಳು. ಹದಿನಾಲ್ಕು ದಿನ ಇವರಿಗೆ ರೊಟ್ಟಿ ಬಡಿಯೋರು ಯಾರು? ಅಲ್ಲಿ ಕೂಲಿ ನಷ್ಟಕ್ಕೆ ಸ್ವಲ್ಪ ದುಡ್ಡು ಕೊಡುತ್ತಾರೆ, ಆದರೆ ದುಡ್ಡು ರೊಟ್ಟಿ ಬಡಿಯಲ್ಲವಲ್ಲ. ಕೊನೆಗೆ ಅವಳ ತವರಿನಿಂದ ತಂಗಿಯನ್ನು ಕರೆಸಿ ಕೂರಿಸಿದ ಮೇಲೆ ಹೋದಳು. ಮಗು ಉಳಿಯಿತು. ಅವಳ ಮೇಲೆ ಕೇಸ್ ಹಾಕಿದ್ದರೆ?

ಇನ್ನೊಂದು ನೋಡಿ. ಕಟ್ಟಡ ಕೆಲಸದ ಜಾಗದಲ್ಲಿ ತಾಯಂದಿರು ಮಗುವಿನ ಕಾಲಿಗೆ ಹಳೆ ಸೀರೆ ಚುಂಗು ಕಟ್ಟಿ ಕಂಬಕ್ಕೆ ಬಿಗಿಯುತ್ತಾರೆ. ಯಾರೋ ಫೋಟೊ ಹೊಡೆದು "ಎಂಥ ಕ್ರೌರ್ಯ" ಅಂತ ಹಾಕುತ್ತಾರೆ. ಫೋಟೊದಲ್ಲಿ ಬಾರದ್ದು ಆರು ಹೆಜ್ಜೆ ಆಚೆಗಿರುವ ನೀರಿನ ಸಂಪು, ಅದಕ್ಕೆ ಮುಚ್ಚಳ ಇರಲ್ಲ. ಆ ಗಂಟು ಇರೋದರಿಂದಲೇ ಮಗು ಇದೆ. ಹಾಸನದ ತಮ್ಮ, ನಿಮ್ಮಪ್ಪ ಕಟ್ಟಿದ್ದೂ ಕಂಬಕ್ಕೇ, ಇವಳು ಕಟ್ಟೋದೂ ಕಂಬಕ್ಕೇ. ಎರಡೂ ಒಂದೇನಾ ಹೇಳಿ. ಈಗ ಪಂಚಾಯಿತಿಗಳಲ್ಲಿ ಕೂಸಿನ ಮನೆ ಅಂತ ಮಾಡಿದ್ದಾರೆ, ನರೇಗಾ ಕೆಲಸಕ್ಕೆ ಹೋಗೋರು ಮಗು ಬಿಟ್ಟುಹೋಗಲು. ಇರುವ ಕಡೆ ಒಳ್ಳೇದೇ ಆಗಿದೆ. ಊರು ಬಿಟ್ಟು ಬೆಂಗಳೂರಿಗೆ ಹೋದವರಿಗೆ ಅದೂ ಇಲ್ಲ.

ನಿಮ್ಮ ಎದುರು ಮನೆಯದ್ದು ಬೇರೆ ಸರ್. ಅಲ್ಲಿ ಅನ್ನ ಇದೆ, ಬಾಗಿಲಿದೆ. ಬಾಗಿಲು ಹಾಕಿದ್ದಾರೆ.

ಕರಿಕೋಟು
ಮೇಡಂ ಹೇಳಿದ್ದು ಕಾಯ್ದೆಯಲ್ಲೂ ಇದೆ. 75ನೇ ಸೆಕ್ಷನ್ನಿಗೇ ಒಂದು ಬಾಲ ಇದೆ: ಹೆತ್ತವರು ತಮ್ಮ ಕೈಮೀರಿದ ಪರಿಸ್ಥಿತಿಯಿಂದ ಮಗುವನ್ನು ಬಿಟ್ಟರೆ ಅದನ್ನು ಬೇಕೆಂದೇ ಮಾಡಿದ್ದು ಅಂತ ತಿಳಿಯಬಾರದು. ಆದರೆ ನಿಜ ಹೇಳಬೇಕೆಂದರೆ ಠಾಣೆ ಮೆಟ್ಟಿಲು ಹತ್ತಿಸಲು ಸುಲಭ ಬಡವರನ್ನೇ. ಫ್ಲ್ಯಾಟಿನವರ ಮನೆ ಬಾಗಿಲು ತಟ್ಟಲು ಎಲ್ಲರಿಗೂ ಮುಜುಗರ.

ನಿವೃತ್ತ ಮೇಷ್ಟ್ರು
ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಹುಣಸೆ ಬರಲು ಮೇಜಿನ ಮೇಲೆ ಇಲ್ಲದೆ ಕ್ಲಾಸಿಗೆ ಹೋದವನಲ್ಲ. ಹಾಸನದ ತಮ್ಮನ ಮಾತನ್ನು ನಾನೂ ಹೇಳಿಕೊಂಡು ಬಂದವನೇ. ದಂಡಂ ದಶಗುಣಂ ಅಂತ ಬೋರ್ಡಿನ ಮೇಲೆ ಬರೆಸಿದ್ದೆ.

ಒಬ್ಬ ಹುಡುಗ, ಆರನೇ ಕ್ಲಾಸು, ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುತ್ತಿದ್ದ. ನಾಲ್ಕು ದಿನ ಸತತ ಬಾರಿಸಿದೆ. ಐದನೇ ದಿನ ಅವನ ತಂದೆಯನ್ನು ಬೈದು ಬರೋಣ ಅಂತ ಮನೆಗೇ ಹೋದೆ. ಮನೆ ತುಂಬ ರೇಷ್ಮೆ ಹುಳು. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಬಿಡುವ ಹೊತ್ತು, ಮನೆಮಂದಿಯೆಲ್ಲ ರಾತ್ರಿ ಪೂರ್ತಿ ಎದ್ದಿರುತ್ತಾರೆ, ಆ ಹುಡುಗನೂ ಹಣ್ಣು ಹುಳು ಆರಿಸುತ್ತಿದ್ದ. ನನ್ನನ್ನು ಕಂಡ ಕೂಡಲೇ ಕೈ ಮುಂದೆ ಚಾಚಿದ. ನಾನು ಏನೂ ಕೇಳಿರಲಿಲ್ಲ, ಬರಲೂ ತಂದಿರಲಿಲ್ಲ. ಸುಮ್ಮನೆ ಕೈ ಚಾಚಿ ನಿಂತ. ಅವನ ತಂದೆ "ಕೂತ್ಕಳಿ ಮೇಷ್ಟ್ರೇ, ಕಾಫಿ ಕುಡೀರಿ" ಅಂದರು.

ಅವರ ಮನೆಯವರು ಮಗುವನ್ನು ಓದಿಸದೆ ದುಡಿಸಿದರು ಅನ್ನಬಹುದು. ನಾನು ಕಾರಣ ಕೇಳದೆ ನಾಲ್ಕು ದಿನ ಹೊಡೆದೆ. ಇಬ್ಬರಲ್ಲಿ ಯಾರ ಮೇಲೆ ಕೇಸ್ ಹಾಕಬೇಕಿತ್ತು ಅಂತ ನಿವೃತ್ತಿ ಆದಮೇಲೂ ಯೋಚಿಸುತ್ತೇನೆ.

ಕರಿಕೋಟು
ಮೇಷ್ಟ್ರೇ, ನಿಮ್ಮ ಮಾತಿಗೆ ಒಂದು ಹಳೇ ಕೇಸ್ ನೆನಪಾಯಿತು. ಇಂಗ್ಲೆಂಡಿನ ಈಸ್ಟ್‌ಬೋರ್ನ್ ಊರು, 1860. ಹಾಪ್ಲಿ ಅಂತ ಒಬ್ಬ ಮೇಷ್ಟ್ರು, ಹದಿನೈದು ವರ್ಷದ ಹುಡುಗನೊಬ್ಬ ಲೆಕ್ಕ ಕಲಿಯುತ್ತಿಲ್ಲ, ಮೊಂಡ ಅಂತ ಅವನ ಅಪ್ಪನಿಗೆ ಕಾಗದ ಬರೆದು, ಹೊಡೆಯಲು ಒಪ್ಪಿಗೆ ತರಿಸಿಕೊಂಡ. ಕಾಗದದಲ್ಲಿ ಒಪ್ಪಿಗೆ ಬಂತು. ರಾತ್ರಿ ಎರಡು ಗಂಟೆ ಹೊತ್ತು ಕೋಲಲ್ಲಿ, ಹಗ್ಗದಲ್ಲಿ ಹೊಡೆದ. ಹುಡುಗ ಸತ್ತ. ಆಗಲೇ ಕೋರ್ಟ್ ಹೇಳಿದ್ದು, ಅಪ್ಪನೋ ಅವನ ಪರವಾಗಿ ಮೇಷ್ಟ್ರೋ ಹೊಡೆಯಬಹುದು, ಆದರೆ ಮಿತವಾಗಿ, ಕಾರಣಕ್ಕೆ ತಕ್ಕಂತೆ. ಸಿಟ್ಟು ತೀರಿಸಿಕೊಳ್ಳಲು ಹೊಡೆದರೆ ಅದು ಅಪರಾಧ. ಹಾಪ್ಲಿಗೆ ನಾಲ್ಕು ವರ್ಷ ಆಯಿತು. ಆ 'ಮಿತ' ಅನ್ನೋ ಪದ ಹಿಡಿದುಕೊಂಡು ನಮ್ಮ ಕಡೆಯ ವಕೀಲರೂ ಇವತ್ತಿಗೂ ವಾದ ಮಾಡುತ್ತಾರೆ. ಮಿತ ಅಂದರೆ ಎಷ್ಟು ಅಂತ ಅಳೆಯುವ ಪಟ್ಟಿ ಮಾತ್ರ ಯಾರ ಹತ್ತಿರವೂ ಇಲ್ಲ, ಅಂಗನವಾಡಿ ಮೇಡಂ ಹತ್ತಿರ ಇರೋ ಥರದ್ದು.

ಚುರುಮುರಿ
ಸೀರಿಯಸ್ ಆಗಿ ಒಂದು ಮಾತು. ಆ ಹುಡುಗ ಮೆಟ್ಟಿಲ ಮೇಲೆ ಕೂತಿರೋ ವಿಡಿಯೊ ತೆಗೆದು ಹಾಕಿಬಿಡಿ. ಒಂದೇ ದಿನದಲ್ಲಿ ವೈರಲ್ ಆಗುತ್ತೆ, ಪೊಲೀಸರು ತಾವೇ ಬರುತ್ತಾರೆ.

ಕರಿಕೋಟು
ದಯವಿಟ್ಟು ಬೇಡ. ಇಂಥ ಮಗುವಿನ ಮುಖ, ಹೆಸರು, ಮನೆ, ಶಾಲೆ ಯಾವುದೂ ಹೊರಗೆ ಬರಬಾರದು, ಅದೇ ಕಾಯ್ದೆಯ 74ನೇ ಸೆಕ್ಷನ್. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಅಪ್ಪ ಅಮ್ಮನ ಮೇಲೆ ಕೇಸ್ ಆಗೋ ಮೊದಲು ನಿಮ್ಮ ಮೇಲೆ ಆಗುತ್ತೆ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗ ನಾಳೆ ಶಾಲೆಗೆ ಹೋಗಬೇಕಲ್ಲ.

ಮೂರನೇ ಮಹಡಿ
ನಾಲ್ಕು ದಿನ ಆದಮೇಲೆ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿಯದ್ದು ಹೇಳಲೇಬೇಕು.

ಅವನಿಗೆ ವೀಸಿಂಗ್ ಇದೆ ಅಂತ ನನಗೆ ಗೊತ್ತಿರಲಿಲ್ಲ. ಒಂಬತ್ತು ಗಂಟೆ ಸುಮಾರಿಗೆ ಬಾಗಿಲ ಹತ್ತಿರ ಸೀಟಿ ಊದಿದಂಥ ಸದ್ದು. ತೆಗೆದು ನೋಡಿದರೆ ಹುಡುಗ ಎರಡೂ ಕೈ ಮೊಣಕಾಲ ಮೇಲೆ ಊರಿ, ಭುಜ ಮೇಲಕ್ಕೆತ್ತಿ ಉಸಿರು ಎಳೆಯುತ್ತಿದ್ದ. ಪ್ರತಿ ಉಸಿರಿಗೂ ಕುತ್ತಿಗೆ ಕೆಳಗೆ ಗುಳಿ ಬೀಳುತ್ತಿತ್ತು. ಮಾತಾಡೋಕೆ ಆಗುತ್ತಿಲ್ಲ, ಬೆರಳಲ್ಲಿ ಅವರ ಮನೆ ಬಾಗಿಲು ತೋರಿಸಿ "ಪಂಪ್" ಅಂದ, ಅಂದರೆ ಇನ್‌ಹೇಲರ್. ನಾನು ಬಾಗಿಲು ಬಡಿದೆ. ಅವರಮ್ಮ ಒಳಗಿಂದಲೇ "ನಾಟಕ ಮಾಡ್ತಾನೆ, ನೀವು ತಲೆ ಕೆಡಿಸ್ಕೋಬೇಡಿ" ಅಂದರು. ಪಂಪ್ ಕೊಡಿ ಅಂದೆ. "ಸಾರಿ ಹೇಳಲಿ, ಕೊಡ್ತೀನಿ." ಅವನಿಗೆ ಸಾರಿ ಹೇಳೋಕೆ ಉಸಿರೇ ಇರಲಿಲ್ಲ ಸ್ವಾಮಿ.

ನಾನು ಬಾಗಿಲಿಗೆ ಒದ್ದೆ. ನಿಜವಾಗಲೂ ಒದ್ದೆ, ಕೆಳಗಿನ ಮನೆಯವರೆಲ್ಲ ಬಂದರು. ಆಮೇಲೆ ತೆಗೆದರು, ಪಂಪ್ ಕೊಟ್ಟರು, ಹತ್ತು ನಿಮಿಷದಲ್ಲಿ ಹುಡುಗ ಸರಿಹೋದ. ಅವರಪ್ಪ ನನ್ನ ಕಾಲರ್ ಹಿಡಿಯೋಕೆ ಬಂದರು, "ನನ್ನ ಮಗ, ನಾನು ಬೆಳೆಸ್ತೀನಿ" ಅಂತ.

ಇವತ್ತು ಬೆಳಿಗ್ಗೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ.

ಹಾಸನದ ಹೈದ
ಬ್ರೋ, ಒಳ್ಳೆ ಕೆಲಸ ಮಾಡಿದಿರಿ. ನಮ್ಮಪ್ಪ ಎಷ್ಟೇ ಹೊಡೆದರೂ ಆಮೇಲೆ ತಾವೇ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಮದ್ದು ಮುಚ್ಚಿಡೋದು ನಾನು ಕೇಳಿಲ್ಲ.

ಹೆಸರು ಬೇಡ
ಎಣ್ಣೆ ನಮ್ಮಪ್ಪನೂ ಹಚ್ಚುತ್ತಿದ್ದರು.

ಎರಡು ಮಕ್ಕಳ ತಾಯಿ
ಫೋನ್ ಮಾಡಿದಾಗ ಏನು ಕೇಳಿದರು? ನಿಮ್ಮ ಹೆಸರು ಎದುರು ಮನೆಯವರಿಗೆ ಗೊತ್ತಾಯ್ತಾ? ನಮ್ಮ ಏರಿಯಾದಲ್ಲೂ ಒಂದು ಮನೆ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಮೂರನೇ ಮಹಡಿ
ಹುಡುಗನ ವಯಸ್ಸು, ಅಡ್ರೆಸ್, ಈಗ ಅಪಾಯದಲ್ಲಿದ್ದಾನಾ, ಎಷ್ಟು ದಿನದಿಂದ ಅಂತ ಕೇಳಿದರು. ನನ್ನ ಹೆಸರು ಹೇಳಲ್ಲ ಅಂದರು. ಆದರೆ ಹಿಂದಿನ ರಾತ್ರಿ ಬಾಗಿಲಿಗೆ ಒದ್ದವನು ಯಾರು ಅಂತ ಇಡೀ ಬಿಲ್ಡಿಂಗಿಗೇ ಗೊತ್ತಲ್ವಾ. ಓನರ್ ಫೋನ್ ಮಾಡಿ "ನಮ್ಮ ಬಿಲ್ಡಿಂಗಿಗೆ ಪೊಲೀಸ್ ಗೀಲೀಸ್ ಬರೋದು ಬೇಡಪ್ಪ" ಅಂದರು. ಕೆಳಗಿನ ಮನೆ ಆಂಟಿ, ಹುಡುಗನಿಗೆ ಎಷ್ಟೋ ಸಲ ಬಿಸ್ಕತ್ ಕೊಟ್ಟವರು, ನನ್ನ ಕಂಡರೆ ಈಗ ಮುಖ ತಿರುಗಿಸುತ್ತಾರೆ. ಅಯ್ಯೋ, ಹೆತ್ತವರಿಂದ ಮಗು ಕಿತ್ತುಕೊಳ್ಳುತ್ತಾರಂತೆ ಅಂತ ಅವರ ತಲೆಯಲ್ಲಿ ಕೂತಿದೆ.

ಕರಿಕೋಟು
ಕಿತ್ತುಕೊಳ್ಳುವುದು ಕೊನೆ ದಾರಿ, ಕಾಯ್ದೆಯಲ್ಲೇ ಹಾಗೆ ಬರೆದಿದೆ. ಪ್ರತಿ ಜಿಲ್ಲೆಗೆ ಮಕ್ಕಳ ಕಲ್ಯಾಣ ಸಮಿತಿ ಇರುತ್ತೆ, ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಮ್ಯಾಜಿಸ್ಟ್ರೇಟ್ ಮಟ್ಟದ ಅಧಿಕಾರ. ಮನೆಗೆ ಬಂದು ನೋಡಿದವರ ವರದಿ ಅವರ ಮುಂದೆ ಹೋಗುತ್ತೆ. ಹುಡುಗನನ್ನು ಮಾತಾಡಿಸುತ್ತಾರೆ, ಅಪ್ಪ ಅಮ್ಮನನ್ನು ಕರೆಸುತ್ತಾರೆ. ಹೆಚ್ಚಿನ ಸಲ ಬುದ್ಧಿ ಹೇಳಿ, ಮುಚ್ಚಳಿಕೆ ಬರೆಸಿಕೊಂಡು, ಆಗಾಗ ಬಂದು ನೋಡುತ್ತೇವೆ ಅಂತ ಮನೆಗೇ ಕಳಿಸುತ್ತಾರೆ. ಎಫ್‌ಐಆರ್ ಬೇರೆ ದಾರಿ. ಆ ಪಂಪ್ ರಾತ್ರಿಯದ್ದು 75ಕ್ಕೆ ಸಾಕಷ್ಟು ಗಟ್ಟಿಯಾಗಿದೆ ಅಂತ ನನಗನ್ನಿಸುತ್ತೆ. ಕೋಪದಲ್ಲಿ ಕೊಟ್ಟ ಏಟು ಅನ್ನೋಕೆ ಬರಲ್ಲ. ಮದ್ದು ಕೈಯಲ್ಲಿತ್ತು, ಮಗು ಬಾಗಿಲಾಚೆ ಇತ್ತು, ಷರತ್ತು ಹಾಕಿದರು. ಆದರೂ ದೂರು ಎಲ್ಲಿಗೆ ಒಯ್ಯಬೇಕು ಅಂತ ಸಮಿತಿ ನೋಡಲಿ. ನೀವು ಕಂಡದ್ದನ್ನು ದಿನಾಂಕ, ಗಂಟೆ ಹಾಕಿ ಬರೆದಿಟ್ಟುಕೊಳ್ಳಿ. ಕಂಡದ್ದು ಮಾತ್ರ, ಅನ್ನಿಸಿದ್ದು ಬೇಡ.

ನಿವೃತ್ತ ಮೇಷ್ಟ್ರು
ತಮ್ಮಾ, ಆ ತಾಯಿಯನ್ನೂ ಒಂದು ಸಲ ಮಾತಾಡಿಸಲು ನಿಮ್ಮ ತಾಯಿಗೆ ಹೇಳಿ. ಕೇಸ್ ವಿಷಯ ಅಲ್ಲ, ಸುಮ್ಮನೆ ಕಾಫಿಗೆ.

ಮೂರನೇ ಮಹಡಿ
ಮೂರು ವಾರ ಆಯ್ತು. ಕೇಳುತ್ತಿದ್ದೀರಲ್ಲ, ಹೇಳುತ್ತೇನೆ.

ಇಬ್ಬರು ಬಂದಿದ್ದರು, ಒಬ್ಬ ಹೆಂಗಸು, ಒಬ್ಬ ಗಂಡಸು, ಯೂನಿಫಾರ್ಮ್ ಇಲ್ಲ. ಆಮೇಲೆ ಅಪ್ಪ ಅಮ್ಮ ಹುಡುಗನ ಜೊತೆ ಎರಡು ಸಲ ಸಮಿತಿ ಮುಂದೆ ಹೋಗಿ ಬಂದರು. ಮನೆಯಲ್ಲೇ ಇದ್ದಾನೆ. ಅವರಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಬೈಕನ್ನು ನನ್ನ ಬೈಕಿಗೆ ಅಡ್ಡ ನಿಲ್ಲಿಸುತ್ತಾರೆ, ದಿನಾ ಬೆಳಿಗ್ಗೆ ಎತ್ತಿ ಪಕ್ಕಕ್ಕಿಡಬೇಕು. ಅವರಮ್ಮ ಒಂದು ಮಧ್ಯಾಹ್ನ ನಮ್ಮಮ್ಮನ ಹತ್ತಿರ ಬಂದು ಒಂದು ಗಂಟೆ ಕೂತಿದ್ದರಂತೆ. ಏನು ಮಾತಾಡಿದರು ಅಂತ ಅಮ್ಮ ಹೇಳಲ್ಲ, "ಅದು ನಿಂಗ್ಯಾಕೆ" ಅಂದರು. ಹುಡುಗ ನನ್ನನ್ನು ಕಂಡರೆ ಓಡುತ್ತಾನೆ. ಅದೊಂದು ಬೇಜಾರು.

ಈ ಮೂರು ವಾರದಲ್ಲಿ ರಾತ್ರಿ ಬೋಲ್ಟ್ ಸದ್ದು ಕೇಳಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಚಪ್ಪಲಿಗಳು ಚೆಲ್ಲಾಪಿಲ್ಲಿ, ನನ್ನದೊಂದು ನಿನ್ನೆ ಎರಡನೇ ಮಹಡಿಯಲ್ಲಿ ಸಿಕ್ಕಿತು. ಒಳಗೆ ಏನು ನಡೆಯುತ್ತೆ ಅಂತ ಮಾತ್ರ ನನಗೆ ಕಾಣಲ್ಲ.

ಕರಿಕೋಟು ಸರ್, ಮುಂದಿನ ಗುರುವಾರ ಮತ್ತೆ ಮನೆ ನೋಡೋಕೆ ಬರುತ್ತಾರಂತೆ, ಅಕ್ಕಪಕ್ಕದವರನ್ನೂ ಮಾತಾಡಿಸಬಹುದು ಅಂದಿದ್ದಾರೆ. ನಾನು ರಜಾ ಹಾಕಿ ಮನೆಯಲ್ಲಿರಬೇಕಾ, ಅಮ್ಮ ಇದ್ದರೆ ಸಾಕ?

ಕರಿಕೋಟು
ಅಮ್ಮ ಸಾಕು. ಚಪಾತಿ ಕೊಟ್ಟವರು ಅವರೇ ಅಲ್ವಾ, ಹುಡುಗ ಹೇಳಿದ ಮಾತು ಕೇಳಿದ್ದೂ ಅವರೇ. ಪಂಪ್ ರಾತ್ರಿಯದ್ದನ್ನು ನೀವು ಬರೆದು ಸಹಿ ಹಾಕಿ ಅವರ ಕೈಲಿ ಕೊಟ್ಟಿರಿ.